ಒಂದಳತೆ ದೊಡ್ಡ ಸೈಕಲ್ಲು

ಪುಕ್ಕಟೆ ಸಿಕ್ಕಿದ್ದನ್ನು ಬಿಡಬಾರದು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಸೈಕಲ್ಲಿನ ವಿಷಯದಲ್ಲಿ ನನ್ನ ಕೈ ಸುಟ್ಟಿದ್ದು ಪುಕ್ಕಟೆ ಸಿಕ್ಕಿದ್ದರಿಂದಲ್ಲ, ದುಡ್ಡು ಕೊಟ್ಟು ಕೊಂಡಿದ್ದರಿಂದ.

ಕಾಸರಕೋಡಿನಲ್ಲಿ ನನ್ನದೊಂದು ಮೀನು ಒಣಗಿಸುವ ಅಂಗಳವಿದೆ. ಬಂದರಿನ ಹಿಂದೆ, ಮರಳಿನ ಮೇಲೆ. ಅಂಗಳದ ಮೂಲೆಗೆ ಒಂದು ದೊಡ್ಡ ಹೊನ್ನೆ ಮರ, ಅದರ ಕೆಳಗೆ ನೆರಳು. ಆ ವರ್ಷ ಮಳೆ ಬಿಟ್ಟು, ಮೊದಲ ಶೆಟ್ಲಿ, ಅಂದರೆ ಸಣ್ಣ ಸಿಗಡಿ, ಹರವಿ ಎರಡು ದಿನ ಆಗಿತ್ತು. ಮೂವರು ಬಂದು ಆ ನೆರಳಿನಲ್ಲಿ ನಿಂತು ಮಾತಾಡತೊಡಗಿದರು. ಮೀನು ಕೊಳ್ಳುವವರಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಕೊಳ್ಳುವವರು ಮೀನನ್ನು ನೋಡುತ್ತಾರೆ, ಇವರು ಮರವನ್ನು ನೋಡುತ್ತಿದ್ದರು.

ಅವರು ಸೈಕಲ್ ಓಟ ನಡೆಸುವವರು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಭಟ್ಕಳದಿಂದ ಹೊರಟು, ಹೆದ್ದಾರಿ ಬಿಟ್ಟು ಒಳಗಿನ ಮಣ್ಣುರಸ್ತೆ ಹಿಡಿದು, ಮಂಕಿ ದಾಟಿ, ನಮ್ಮ ಕಾಸರಕೋಡಿನಿಂದ ಹೊನ್ನಾವರದ ಸೇತುವೆ ದಾಟಿ, ಕಾಡಿನ ದಾರಿಯಲ್ಲಿ ಯಾಣದ ಏರು ಹತ್ತಿ ಇಳಿದು ಕುಮಟೆಯಲ್ಲಿ ಮುಗಿಸುವುದು. ನೂರಿಪ್ಪತ್ತು ಕಿಲೋಮೀಟರ್. ಯಾರು ಮೊದಲು, ಯಾರು ಕೊನೆ ಎಂಬುದಿಲ್ಲ. ಸಂಜೆ ಬೆಳಕಿರುವಾಗ ಮುಗಿಸಿದರೆ ಸಾಕು. ದಾರಿಯ ನಡುವೆ ನೀರು, ಬಾಳೆಹಣ್ಣು ಕೊಡಲು ಒಂದು ನೆರಳು ಬೇಕಾಗಿತ್ತು. ನನ್ನ ಹೊನ್ನೆ ಮರ ಅವರ ಕಣ್ಣಿಗೆ ಬಿದ್ದಿತ್ತು.

ನನಗೇನು ಎಂದು ಕೇಳಿದೆ. ನಿಮ್ಮ ಹೆಸರಿನ ಬ್ಯಾನರ್ ಕಟ್ಟುತ್ತೇವೆ ಅಂದರು. ಬ್ಯಾನರಿನ ಬಟ್ಟೆ ಮೀನು ಮುಚ್ಚಲಿಕ್ಕೂ ಬರುವುದಿಲ್ಲ, ಗಾಳಿಯಾಡುವುದಿಲ್ಲ ಎಂದೆ. ಹಾಗಾದರೆ ಏನು ಕೊಡೋಣ ಎಂದು ಅವರಲ್ಲಿ ದೊಡ್ಡವನು ಕೇಳಿದ.

"ಒಂದು ಜಾಗ ಕೊಡಿ. ಓಟದಲ್ಲಿ."

"ಯಾರಿಗೆ ಅಕ್ಕಾ?"

"ನಂಗೆ."

ಮೂವರೂ ನಕ್ಕರು. ನಾನು ನಗಲಿಲ್ಲ. ನಲವತ್ತೇಳು ವರ್ಷದ, ಸೊಂಟಕ್ಕೆ ಸೆರಗು ಸಿಕ್ಕಿಸಿದ ಮೀನಿನ ಹೆಂಗಸು ಜನವರಿಯವರೆಗೆ ಇದನ್ನು ನೆನಪಿಟ್ಟುಕೊಳ್ಳುವುದಿಲ್ಲ ಎಂದುಕೊಂಡೇ ಅವರು ಒಪ್ಪಿದರು. ಎದುರಿನವರು ನಮ್ಮನ್ನು ಕಡಿಮೆ ಎಣಿಸಿದ ಗಳಿಗೆಯಲ್ಲಿ ಮಾತು ಮುಗಿಸಿಬಿಡಬೇಕು. ಅವರ ಫೋನಿನಲ್ಲೇ ನನ್ನ ಹೆಸರು ಬರೆಸಿ, ಬರೆದದ್ದನ್ನು ಓದಿಸಿ, ಆಮೇಲೆ ಅವರನ್ನು ಕಳಿಸಿದೆ.

ಸೈಕಲ್ಲು ನನಗೆ ಹೊಸತಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಬುಟ್ಟಿ ಹೊತ್ತು ಮಾರುತ್ತಿದ್ದೆ. ಬಸ್ಸಿನವರು ಮೀನಿನ ಬುಟ್ಟಿ ಕಂಡರೆ ನಿಲ್ಲಿಸುತ್ತಿರಲಿಲ್ಲ. ಒಂದು ದಿನ ಸಿಟ್ಟು ಬಂದು ಗಂಡನ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ ಮಂಕಿಯ ಒಳಕೇರಿಗಳಿಗೆ ಹೊರಟೆ. ಸೀರೆಯಲ್ಲಿ ಗಂಡಸರ ಸೈಕಲ್ಲು ತುಳಿಯುವವಳನ್ನು ನೋಡಲೆಂದೇ ಜನ ಅಂಗಳಕ್ಕೆ ಬರುತ್ತಿದ್ದರು; ಬಂದವರಿಗೆ ಮೀನು ಮಾರುತ್ತಿದ್ದೆ. ಒಂಬತ್ತು ವರ್ಷ ಹಾಗೆ ತುಳಿದೆ. ಆಮೇಲೆ ಒಣಮೀನಿಗೆ ಇಳಿದೆ, ಚೀಲಗಟ್ಟಲೆ ಕೊಂಡು ಘಟ್ಟದ ಮೇಲಿನ ಅಂಗಡಿಗಳಿಗೆ ಕಳಿಸತೊಡಗಿದೆ, ಟೆಂಪೋ ಬಂತು. ಟೆಂಪೋ ಬಂದದ್ದೇ ನಾನು ಕುರ್ಚಿಯಲ್ಲಿ ಕೂತೆ.

ಕೂತರೆ ನನಗೆ ಆಗುವುದಿಲ್ಲ. ಕುರ್ಚಿಯಲ್ಲಿ ಕೂತು ಫೋನಿನಲ್ಲಿ ದರ ಮಾತಾಡುವಾಗ ಹಿಮ್ಮಡಿ ತಾನಾಗಿ ಕುಣಿಯುತ್ತಿತ್ತು. ಅಂಗಳದ ಕೆಲಸ ನೋಡಿಕೊಳ್ಳುವುದು ನನ್ನ ನಾದಿನಿ. ನಾನು ಕೂತು ಎದ್ದಲ್ಲೆಲ್ಲ ಕುರ್ಚಿಯ ಕಾಲಿನಿಂದ ಮರಳಿನಲ್ಲಿ ನಾಲ್ಕು ಹೊಂಡ ಬೀಳುತ್ತವೆ, ನಿನ್ನಿಂದ ದಿನಾ ಅಂಗಳ ಸಮ ಮಾಡುವುದೇ ಒಂದು ಕೆಲಸ ಎಂದು ಅವಳು ಬಯ್ಯುತ್ತಿದ್ದಳು. ಮಾಡಲು ಕೆಲಸ ಇಲ್ಲದ್ದಕ್ಕೆ ಹೀಗಾಗುತ್ತದೆ ಎಂದಲ್ಲ. ಕೆಲಸ ಬೇಕಾದಷ್ಟಿತ್ತು, ಅದರಲ್ಲಿ ಕಾಲಿಗೆ ಪಾಲಿರಲಿಲ್ಲ.

ಗಂಡನ ಹಳೆಯ ಸೈಕಲ್ಲು ಯಾವತ್ತೋ ತುಕ್ಕು ಹಿಡಿದು ಹೋಗಿತ್ತು. ಕಲ್ಲು ಮಣ್ಣಿನ ದಾರಿಗೆ ಬೇರೆಯದೇ ಜಾತಿಯ ಸೈಕಲ್ಲು ಬೇಕು, ದಪ್ಪ ಟೈರಿನದು, ಏರಿಗೆ ಹಗುರಾಗುವ ಗೇರಿನದು. ಹೊಸತು ಕೊಳ್ಳುವುದು ದಡ್ಡತನ. ಇಂಥ ಸಾಮಾನನ್ನು ಉತ್ಸಾಹದಲ್ಲಿ ಕೊಂಡು ಆರು ತಿಂಗಳಿಗೆ ಮೂಲೆಗಿಡುವವರು ಬೇಕಾದಷ್ಟು ಜನ ಇರುತ್ತಾರೆ, ಅವರನ್ನು ಹುಡುಕಬೇಕು. ಹುಡುಕಿದೆ. ಭಟ್ಕಳದಲ್ಲಿ ಒಬ್ಬರು ಸಿಕ್ಕಿದರು. ನವಾಯತ ಮುಸ್ಲಿಮರು, ವರ್ಷದಲ್ಲಿ ಅರ್ಧ ದುಬೈಯಲ್ಲಿ, ಅರ್ಧ ಊರಲ್ಲಿ. ಗಂಡ ಹೆಂಡತಿ ಒಟ್ಟಿಗೆ ಹೊಡೆಯಲೆಂದು ಎರಡು ಸೈಕಲ್ಲು ತಂದಿದ್ದರು, ಹೆಂಡತಿಗೆ ಮನಸ್ಸು ಬರಲಿಲ್ಲ, ಒಂದನ್ನಾದರೂ ಮಾರಬೇಕೆಂದಿದ್ದರು.

ಅವರ ಜಗಲಿಯ ಮೇಲೆ ಎರಡೂ ನಿಂತಿದ್ದವು. ಒಂದು ದೊಡ್ಡದು, ಒಂದು ಸಣ್ಣದು. ಎರಡಕ್ಕೂ ಒಂದೇ ಬೆಲೆ ಹೇಳಿದರು. ಬೆಲೆಯನ್ನು ನಾನು ಎಲ್ಲಿಗೆ ಇಳಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅವರು ಓದಿದರೆ ಬೇಜಾರು ಮಾಡಿಕೊಂಡಾರು. ದರ ಕುದುರಿದ ಮೇಲೆ ಯಾವುದು ಎಂದು ಕೇಳಿದರು. ನಾನು ದೊಡ್ಡದರ ಮೇಲೆ ಕೈಯಿಟ್ಟೆ.

"ಅಕ್ಕಾ, ಅದು ನಿಮಗೆ ದೊಡ್ಡದಾಗ್ತದೆ. ಸಣ್ಣದು ತಕ್ಕೊಳ್ಳಿ," ಅಂದರು.

ಈಗ ನನ್ನ ಜಾಗದಲ್ಲಿ ನಿಂತು ನೋಡಿ. ಮೂವತ್ತು ವರ್ಷ ನಾನು ಮೀನು ಕೊಂಡಿದ್ದೇನೆ. ಒಂದೇ ದರಕ್ಕೆ ದೊಡ್ಡ ಬಂಗಡೆಯ ಬುಟ್ಟಿಯೂ ಸಣ್ಣ ಬಂಗಡೆಯ ಬುಟ್ಟಿಯೂ ಇದ್ದರೆ ಯಾರು ಸಣ್ಣದನ್ನು ಮುಟ್ಟುತ್ತಾರೆ? ಇನ್ನೊಂದು, ಮಾರುವವನು ಇದು ಬೇಡ, ಅದು ತಕ್ಕೊಳ್ಳಿ ಎಂದನೆಂದರೆ, ಇದು ಒಳ್ಳೆಯದು ಎಂದೇ ಅರ್ಥ. ನಮ್ಮ ಬಂದರಿನಲ್ಲಿ ನಿನ್ನೆ ಬುಟ್ಟಿ ಹಿಡಿದವರಿಗೂ ಇದು ಗೊತ್ತು. ದೊಡ್ಡದನ್ನು ತಾವಿಟ್ಟುಕೊಳ್ಳಲು ಹೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಸೀಟು ಕೆಳಗಿಳಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ಹೇಳಿ, ದೊಡ್ಡದನ್ನೇ ಟೆಂಪೋಗೆ ಹಾಕಿಸಿಕೊಂಡು ಬಂದೆ. ಬಂದವಳು ಬಂದರಿನಲ್ಲಿ ಕಂಡವರಿಗೆಲ್ಲ ಹೇಳಿದೆ: ಸಣ್ಣದರ ದರಕ್ಕೆ ದೊಡ್ಡದು ತಂದೆ.

ನನ್ನ ಗಂಡ ತಾಂಡೇಲರು, ಬೋಟು ನಡೆಸುವವರು. ಸಮುದ್ರದಿಂದ ಬಂದು ಊಟ ಮಾಡಿ, ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದರು. ನಾನು ಹತ್ತಿ ತೋರಿಸಿದೆ. ಹ್ಯಾಂಡಲ್ ಹಿಡಿಯಲು ಮುಂದೆ ಬಾಗಿ ಬಾಗಿ ಹೋಗಬೇಕಾಗಿತ್ತು.

"ಬೋಟು ದೊಡ್ಡದಾದ್ರೆ ಆತಾ? ಚುಕ್ಕಾಣಿ ಕೈಗೆ ಸಿಗ್ಬೇಕಲ," ಅಂದರು.

ಅವರಿಗೆ ಸೈಕಲ್ಲಿನ ವಿಷಯ ಗೊತ್ತಿಲ್ಲ ಎಂದು ಬಿಟ್ಟೆ.

ಅಭ್ಯಾಸ ಶುರು ಮಾಡಿದೆ. ಇಂಥದ್ದಕ್ಕೆ ಹೊರಡುವವರಿಗೆ ನಾನು ಹೇಳುವುದಿಷ್ಟು. ಮೊದಲ ತಿಂಗಳು ದೂರದ ಲೆಕ್ಕ ಇಡಬೇಡಿ, ಎಷ್ಟು ಹೊತ್ತು ಸೀಟಿನ ಮೇಲಿದ್ದಿರಿ ಎಂಬುದನ್ನು ನೋಡಿ. ಟೈರಿಗೆ ಗಾಳಿ ಗಟ್ಟಿ ತುಂಬಬೇಡಿ. ಕೆಂಪು ಜಂಬುಕಲ್ಲಿನ ಹರಳಿನ ಮೇಲೆ ಗಟ್ಟಿ ಟೈರು ಜಾರುತ್ತದೆ, ಸ್ವಲ್ಪ ಮೆತ್ತಗಿದ್ದರೆ ಹಿಡಿದು ನಡೆಯುತ್ತದೆ. ಹೊಸ ತಿಂಡಿ ತಿನ್ನಬೇಡಿ. ನಾನು ಕುಚ್ಚಲಕ್ಕಿ ಗಂಜಿ ಕುಡಿದು, ಬೆಲ್ಲ ಹಚ್ಚಿದ ಅವಲಕ್ಕಿ ಕಟ್ಟಿಕೊಂಡು ಹೋಗುತ್ತಿದ್ದೆ. ಪ್ಯಾಕೆಟಿನಲ್ಲಿ ಬರುವ ಸಿಹಿ ಅಂಟು ನನ್ನ ಹೊಟ್ಟೆಗೆ ಆಗಲಿಲ್ಲ. ಬಂದರಿನಲ್ಲಿ ಬೆಳಗಿನ ಮೀನಿನ ಲಿಲಾವು ಮುಗಿಸಿ ಏಳೂವರೆಗೆ ಹೊರಟರೆ ಮಂಕಿಯ ಹಿಂದಿನ ಬ್ಯಾಣದ ಹುಲ್ಲುಗುಡ್ಡ ಹತ್ತಿ, ಗೇರು ತೋಪಿನ ನಡುವೆ ಇಳಿದು, ಮತ್ತೆ ಹತ್ತಿ, ಹತ್ತು ಗಂಟೆಗೆ ಅಂಗಳದಲ್ಲಿರುತ್ತಿದ್ದೆ. ಸೀರೆ ಬಿಟ್ಟು ಚೂಡಿದಾರ ಹಾಕಿದ್ದಕ್ಕೆ ಎರಡು ದಿನ ಮಾತು ಬಂತು, ಮೂರನೆಯ ದಿನ ನಿಂತಿತು. ಕೆಂಪು ಧೂಳು ಮಾತ್ರ ನಿಲ್ಲಲಿಲ್ಲ. ಹುಬ್ಬಿಗೆ, ಕಿವಿಯೊಳಗೆ, ನಾದಿನಿ ಹೇಳುವ ಹಾಗೆ ನನ್ನ ಲೆಕ್ಕದ ಪುಸ್ತಕದೊಳಗೂ.

ಕಾಲು ಮೂರೇ ವಾರಕ್ಕೆ ಹಳೆಯದನ್ನು ನೆನಪು ಮಾಡಿಕೊಂಡಿತು. ಏರು ಕಂಡರೆ ನನಗೆ ಒಳಗೊಳಗೇ ಆಸೆ. ಮನೆಯಲ್ಲಿ ಕೂತಾಗ ಇನ್ನಷ್ಟು ಚಡಪಡಿಕೆ. ಯಾರಾದರೂ ಮಾತಾಡುತ್ತಿದ್ದರೆ ಆ ಹೊತ್ತಿನಲ್ಲಿ ಎಷ್ಟು ದೂರ ಹೋಗಬಹುದಿತ್ತು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ನವೆಂಬರಿನ ನಡುವೆ ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯತೊಡಗಿದವು. ಸೈಕಲ್ಲಿನಿಂದ ಇಳಿದು ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಒಂದು ತಾಸು ಉಳಿಯುತ್ತಿತ್ತು. ಆಮೇಲೆ ಮಧ್ಯಾಹ್ನದವರೆಗೆ. ಯಾರಿಗೂ ಹೇಳಲಿಲ್ಲ.

ಆ ಎರಡು ಬೆರಳು ನನಗೆ ಏನು ಎಂಬುದನ್ನು ಹೇಳಬೇಕು. ಒಣಮೀನು ಕಣ್ಣಿಗೆ ಮೋಸ ಮಾಡುತ್ತದೆ. ಚೀಲದ ಮೇಲಿನ ಪದರ ಎಲ್ಲರೂ ಚೆನ್ನಾಗಿಯೇ ಇಡುತ್ತಾರೆ. ಸರಿಯಾಗಿ ಒಣಗದ ಮೀನು ಅಡಿಯಲ್ಲಿರುತ್ತದೆ. ಅದು ತೂಕಕ್ಕೆ ಬರುತ್ತದೆ, ಹತ್ತು ದಿನದಲ್ಲಿ ಬೂಸು ಹಿಡಿದು ಪಕ್ಕದ್ದನ್ನೂ ಹಾಳು ಮಾಡುತ್ತದೆ. ಅದಕ್ಕೆ ಚೀಲದೊಳಗೆ ಮೊಳಕೈವರೆಗೆ ಕೈ ಇಳಿಸಿ, ಅಡಿಯ ಮೀನಿನ ಬೆನ್ನುಮೂಳೆಯ ಹತ್ತಿರ ಮುಟ್ಟಿ ನೋಡಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಕೆಲಸಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ಉಪ್ಪು ತಿಕ್ಕಿ ದಡ್ಡುಗಟ್ಟಿರುತ್ತವೆ. ತಣುವು ತಿಳಿಯುವುದು ಕೊನೆಯ ಎರಡು ಬೆರಳಿಗೆ ಮಾತ್ರ. ನನಗೆ ಇದನ್ನು ಕಲಿಸಿದ್ದು ನನ್ನ ಅತ್ತೆ. ಘಟ್ಟದ ಮೇಲಿನ ಅಂಗಡಿಯವರು ನನ್ನ ಚೀಲವನ್ನು ಬಿಚ್ಚದೆ ಇಳಿಸಿಕೊಳ್ಳುತ್ತಾರೆ. ಬಿಚ್ಚಿ ನೋಡಿ ಇಳಿಸಿಕೊಳ್ಳತೊಡಗಿದ ದಿನ ನಾನು ಮತ್ತೆ ಬುಟ್ಟಿಯವಳೇ.

ಆ ತಿಂಗಳ ಕೊನೆಗೆ ಒಬ್ಬರ ಹತ್ತಿರ ಆರು ಚೀಲ ಬಂಗಡೆ ಕೊಂಡೆ. ಕೈ ಇಳಿಸಿದೆ, ಮುಟ್ಟಿದೆ, ಆಗಲಿ ಎಂದೆ. ಮರುದಿನ ಟೆಂಪೋಗೆ ಹೇರುವ ಮೊದಲು ಒಂದು ಚೀಲದ ಬಾಯಿ ಸಡಿಲಾಗಿದೆಯೆಂದು ನಾದಿನಿ ಬಿಚ್ಚಿದವಳು ಹಾಗೇ ನಿಂತಳು. ಇನ್ನೊಂದು ಬಿಚ್ಚಿದಳು. ಆರೂ ಬಿಚ್ಚಿದಳು. ಅಡಿಯ ಪದರ ಬೆವರಿತ್ತು.

ಅವಳು ಕೂಗಾಡುವವಳಲ್ಲ. ನನ್ನನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚು ಅಂದಳು. ನನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು, ಕೊನೆಯ ಎರಡು ಬೆರಳ ಮೇಲೆ ಏನೋ ಇಟ್ಟಳು.

"ಎಂತ ಇದು, ಒಣಗಿದ್ದ, ಹಸಿಯ?"

"ಒಣಗಿದ್ದು," ಎಂದೆ.

ಈಗ ಎಂತದು ಎಂದು ಮತ್ತೆ ಕೇಳಿದಳು. ಅದೂ ಒಣಗಿದ್ದು ಎಂದೆ. ಕಣ್ಣು ತೆಗಿ ಅಂದಳು. ಮೊದಲು ಇಟ್ಟದ್ದು ಆಗಷ್ಟೇ ನೀರಿನಿಂದ ತೆಗೆದ ಹಸಿ ಮೀನು. ಎರಡನೆಯ ಸಲ ಅವಳು ಏನನ್ನೂ ಇಟ್ಟಿರಲಿಲ್ಲ.

"ಅತ್ತಿಗೆ, ಯಾವತ್ತಿಂದ ಹೀಂಗೆ?"

ಹೇಳಿದೆ. ಅವಳು ಆರು ಚೀಲವನ್ನೂ ಮತ್ತೆ ಬಿಸಿಲಿಗೆ ಹರವಿದಳು. ಅವತ್ತು ಘಟ್ಟಕ್ಕೆ ಟೆಂಪೋ ಹೋಗಲಿಲ್ಲ. ಅಂಗಡಿಯವರಿಗೆ ಗಾಡಿ ಕೆಟ್ಟಿದೆ ಎಂದು ನಾನು ಫೋನು ಮಾಡಿದೆ. ವ್ಯಾಪಾರದಲ್ಲಿ ಸಣ್ಣಪುಟ್ಟ ಸುಳ್ಳು ಹೇಳುತ್ತೇನೆ, ಅದಕ್ಕೆ ನನಗೆ ನಾಚಿಕೆಯಿಲ್ಲ. ಅವತ್ತು ಮಾತ್ರ ಆಯಿತು.

ಹೊನ್ನಾವರದ ಡಾಕ್ಟರಲ್ಲಿಗೆ ಸೈಕಲ್ಲಿನಲ್ಲೇ ಹೋದೆ. ಅದು ನನ್ನ ಬುದ್ಧಿ. ಅವರು ವಯಸ್ಸಾದ ಹೆಂಗಸು, ನಿಧಾನದವರು. ಅಂಗೈಯ ಬುಡವನ್ನು ಒತ್ತಿ, ಬೆರಳು ಅಗಲಿಸು, ಕಾಗದ ಹಿಡಿ, ಬಿಡಬೇಡ ಎಂದೆಲ್ಲ ಮಾಡಿಸಿದರು. ಬೆರಳ ನಡುವೆ ಹಿಡಿದ ಕಾಗದವನ್ನು ಅವರು ಸುಮ್ಮನೆ ಎಳೆದುಕೊಂಡರು, ನನಗೆ ತಡೆಯಲಾಗಲಿಲ್ಲ. ಈ ಬುಡದಲ್ಲೊಂದು ನರ ಹೋಗುತ್ತದೆ, ಅದರ ಮೇಲೆ ನಿನ್ನ ಮೈಭಾರ ಬೀಳುತ್ತಿದೆ, ಈಗ ಒತ್ತುವುದು ಬಿಟ್ಟರೆ ಬರುತ್ತದೆ, ಬಿಡದಿದ್ದರೆ ಹಾಗೇ ಉಳಿದರೂ ಉಳಿದೀತು ಎಂದರು.

ನಾನು ಕುದುರಿಸಲು ನೋಡಿದೆ. ಓಟಕ್ಕೆ ಇನ್ನು ಏಳೇ ವಾರ, ಅದನ್ನೊಂದು ಮುಗಿಸಿ ಪೂರಾ ಬಿಡುತ್ತೇನೆ ಎಂದೆ. ಗುಳಿಗೆ ಜಾಸ್ತಿ ಕೊಡಿ ಎಂದೆ. ದಿನ ಬಿಟ್ಟು ದಿನ ಹೋಗುತ್ತೇನೆ ಎಂದೆ.

"ನರ ಉದ್ರಿ ಕೊಡುದಿಲ್ಲ ಮಾರಾಯ್ತಿ," ಅಂದರು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿ ಕೇಳಿದರು, "ಹೊರಗೆ ನಿಂತದ್ದು ನಿನ್ನ ಗಂಡನ ಸೈಕಲ್ಲ?"

ನನ್ನದು ಎಂದೆ. ಅವರು ಚೀಟಿ ಬರೆದರು.

ಅಲ್ಲಿಂದ ನೇರ ಭಟ್ಕಳಕ್ಕೆ ಹೋಗಬೇಕಾಗಿತ್ತು. ಹೋಗಲಿಲ್ಲ. ಸಣ್ಣದರ ದರಕ್ಕೆ ದೊಡ್ಡದು ತಂದೆ ಎಂದು ಬಂದರಿನಲ್ಲೆಲ್ಲ ಹೇಳಿಕೊಂಡು ಬಂದವಳು ಯಾವ ಮುಖದಿಂದ ತಿರುಗಿ ಒಯ್ಯುವುದು? ಹತ್ತು ದಿನ ಸೈಕಲ್ಲಿಗೇ ಮದ್ದು ಮಾಡಿದೆ. ಸೀಟು ಮುಂದೆ ತಳ್ಳಿಸಿದೆ, ಮೊಣಕಾಲು ನೋಯತೊಡಗಿತು. ಹಳೆಯ ಬಲೆಯ ತೇಲುಬೆಂಡನ್ನು ಸೀಳಿ ಹ್ಯಾಂಡಲ್ಲಿಗೆ ಸುತ್ತಿ ಹಗ್ಗ ಬಿಗಿದೆ. ಹಿಡಿ ದಪ್ಪವಾಗಿ ಬೆರಳು ಇನ್ನೂ ಬೇಗ ಸತ್ತವು. ಎಡಗೈಯಿಂದ ಮೀನು ಮುಟ್ಟುವುದನ್ನು ಕಲಿಯೋಣ ಎಂದು ನೋಡಿದೆ. ಎಡಗೈಗೆ ಏನೂ ಗೊತ್ತಿಲ್ಲ. ಆ ಹತ್ತು ದಿನ ಕೊಂಡ ಪ್ರತಿ ಚೀಲಕ್ಕೂ ನಾದಿನಿ ನನ್ನ ಹಿಂದೆ ಬಂದು ಕೈ ಹಾಕಿದಳು. ಮಾರುವವರು ಅವಳ ಮುಖ ನೋಡಿ ದರ ಹೇಳತೊಡಗಿದರು, ನನ್ನದಲ್ಲ. ಅದನ್ನು ನೋಡಿದ ದಿನ ಮಧ್ಯಾಹ್ನವೇ ಸೈಕಲ್ಲನ್ನು ಟೆಂಪೋಗೆ ಹಾಕಿಸಿದೆ.

ದಾರಿಯುದ್ದ ಮಾತು ಹೊಂದಿಸಿಕೊಂಡೆ. ತಪ್ಪು ಅವರದೆಂದು ಮಾಡಬೇಕು. ಹಿಂದಿನ ಬ್ರೇಕು ಹಿಡಿಯುವುದಿಲ್ಲ, ಚೈನು ಕಟಕಟ ಅನ್ನುತ್ತದೆ, ಇದನ್ನು ಮೊದಲೇ ಹೇಳಲಿಲ್ಲ ಯಾಕೆ, ಆದದ್ದಾಯಿತು, ಸಣ್ಣದನ್ನಾದರೂ ಕೊಡಿ. ಇಷ್ಟು ಸರಿಯಾಗಿ ಕೂತಿತ್ತು.

ಜಗಲಿಯಲ್ಲಿ ಕೂರಿಸಿದರು. ಅವರ ತಾಯಿ ಒಳಗಿಂದ ಚಹಾ ತಂದುಕೊಟ್ಟರು. ಗೋಡೆಯ ಪಕ್ಕ ಸಣ್ಣ ಸೈಕಲ್ಲು ಬಟ್ಟೆ ಹೊದ್ದು ನಿಂತಿತ್ತು. ಅದು ಇನ್ನೂ ಇದೆ ಎಂದು ಕಂಡದ್ದೇ ನನ್ನ ಎದೆ ಹಗುರಾಯಿತು, ಮುಖದಲ್ಲಿ ತೋರಿಸಲಿಲ್ಲ. ಬ್ರೇಕಿನಿಂದ ಶುರು ಮಾಡಿದೆ. ಅವರು ಎದ್ದು ಹೋಗಿ, ಸೈಕಲ್ಲನ್ನು ನೂಕಿ, ಬ್ರೇಕು ಒತ್ತಿ, ತೇಲುಬೆಂಡು ಸುತ್ತಿದ ಹ್ಯಾಂಡಲ್ಲನ್ನು ನೋಡಿ ತಿರುಗಿ ಬಂದರು.

"ಬ್ರೇಕ್ ಸರಿ ಉಂಟು ಅಕ್ಕಾ. ಕೈಗೆ ಎಂತಾತು?"

ಚಹಾದ ಲೋಟವನ್ನು ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ. ಹೊಂದಿಸಿಕೊಂಡು ಬಂದದ್ದೆಲ್ಲ ಅಲ್ಲಿಗೆ ಮುಗಿಯಿತು. ಇದ್ದದ್ದು ಹೇಳಿದೆ.

"ಅವತ್ತೇ ಹೇಳಿದೆ ನಾನು, ದೊಡ್ಡದಾಗ್ತದೆ ಅಂತ."

"ಹೇಳಿದ್ರಿ. ನಾ ನಂಬ್ಲಿಲ್ಲ."

"ಎಂತಕ್ಕೆ?"

"ಮಾರುವವ್ರು ಹೇಳಿದ್ದಲ್ದ?"

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಅಪ್ಪನೂ ಹಾಗೇ, ಬಟ್ಟೆ ಅಂಗಡಿ ಇಟ್ಟವರು, ಯಾರ ಮಾತನ್ನೂ ನಂಬುತ್ತಿರಲಿಲ್ಲ ಎಂದರು. ಎದ್ದು ಸಣ್ಣ ಸೈಕಲ್ಲಿನ ಮೇಲಿನ ಬಟ್ಟೆ ತೆಗೆದರು. ತಕ್ಕೊಂಡು ಹೋಗಿ, ದೊಡ್ಡದು ಇಲ್ಲೇ ಇರಲಿ ಎಂದರು. ನಾನು ಮೇಲೆ ಎಷ್ಟು ಕೊಡಬೇಕು ಎಂದೆ. ಏನೂ ಬೇಡ ಎಂದರು. ಇದು ಹೆಚ್ಚು ಚೆನ್ನಾಗಿದೆ, ಓಡಿಸಿಯೇ ಇಲ್ಲ, ಸ್ವಲ್ಪವಾದರೂ ಹೇಳಿ ಎಂದೆ. ಬೇಡ ಎಂದರು. ನಾನೇ ಒಂದು ಮೊತ್ತ ಹೇಳಿದೆ, ಅದಕ್ಕೂ ಬೇಡ. ಎದುರಿನವರು ದರವನ್ನೇ ಹೇಳದಿದ್ದರೆ ನನಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಕೊನೆಗೆ ಟೆಂಪೋದಲ್ಲಿದ್ದ ಒಣಶೆಟ್ಲಿಯ ಕಟ್ಟು ತಂದು ಅವರ ತಾಯಿಯ ಕೈಯಲ್ಲಿಟ್ಟೆ. ಆಕೆ ಅದನ್ನು ಬಿಚ್ಚಿ ಮೂಸಿ, ಮಗನಿಗೆ ಅವರ ನವಾಯತಿ ಮಾತಿನಲ್ಲಿ ಏನೋ ಹೇಳಿದರು. ಏನಂತೆ ಎಂದು ಕೇಳಿದೆ.

"ಹೋದ ವರ್ಷದ್ದಲ್ವಾ ಅಂತ ಕೇಳ್ತಿದ್ದಾರೆ," ಅಂದರು.

ಆ ಮನೆಯಲ್ಲಿ ನನಗೆ ಜೀವ ಬಂದದ್ದು ಆಗ. ಈ ತಿಂಗಳದ್ದು, ತಲೆ ಮುರಿದು ನೋಡಿ, ಕಟಕ್ ಅನ್ನದಿದ್ದರೆ ವಾಪಸ್ ಕೊಡಿ ಎಂದು ಆಕೆಯೊಡನೆ ಹತ್ತು ನಿಮಿಷ ವಾದ ಮಾಡಿ ಹೊರಟೆ.

ಸಣ್ಣ ಸೈಕಲ್ಲಿನ ಮೇಲೆ ಕೂತರೆ ಬೆನ್ನು ನೆಟ್ಟಗೆ, ಕೈ ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಇಟ್ಟ ಹಾಗೆ. ಆದರೆ ಡಾಕ್ಟರು ಮೂರು ವಾರ ಅದನ್ನೂ ಮುಟ್ಟಬಾರದು ಎಂದರು. ಆ ಮೂರು ವಾರ ನಾನು ಮನೆಯವರ ತಲೆ ತಿಂದೆ. ಅಂಗಳದಲ್ಲಿ ಹರವಿದ್ದನ್ನು ಮತ್ತೆ ಹರವಿದೆ, ಟೆಂಪೋ ಡ್ರೈವರನಿಗೆ ಗೇರು ಹಾಕುವುದು ಹೇಗೆಂದು ಹೇಳಿಕೊಟ್ಟೆ. ಕಾಲನ್ನು ಬಿಡಬಾರದೆಂದು ಮಂಕಿಯ ಬ್ಯಾಣವನ್ನು ನಡೆದೇ ಹತ್ತಿದೆ, ಬೆನ್ನಿಗೆ ಇಪ್ಪತ್ತು ಕಿಲೋ ಉಪ್ಪು ಕಟ್ಟಿಕೊಂಡು, ದಿನಕ್ಕೆ ನಾಲ್ಕು ಸಲ. ಗೇರು ತೋಪಿನ ಕಾವಲಿನವನು ಮೊದಲ ದಿನ ಯಾರ ಮನೆಗೆ ಉಪ್ಪು ಎಂದು ಕೇಳಿದ. ಯಾರ ಮನೆಗೂ ಅಲ್ಲ ಎಂದೆ. ಮರುದಿನದಿಂದ ನನ್ನನ್ನು ಕಂಡರೆ ಅವನು ದಾರಿ ಬಿಟ್ಟು ನಿಲ್ಲುತ್ತಿದ್ದ.

ಉಂಗುರದ ಬೆರಳಿಗೆ ಮೊದಲು ಜೀವ ಬಂತು, ಹನ್ನೆರಡನೆಯ ದಿನ. ಶೆಟ್ಲಿಯ ಮೀಸೆ ಚುಚ್ಚಿದ್ದು ಗೊತ್ತಾಯಿತು. ಕಿರುಬೆರಳು ತಡ ಮಾಡಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಅದಕ್ಕೂ ತಣುವು ತಿಳಿಯತೊಡಗಿತು, ಪೂರ್ತಿ ಅಲ್ಲ, ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ. ಚೀಲಕ್ಕೆ ಕೈ ಇಳಿಸಿ ದರ ಹೇಳುವ ಹಾಗಾದೆ. ನಾದಿನಿ ಇನ್ನೂ ಹಿಂದೆ ಬರುತ್ತಿದ್ದಳು, ಕೈ ಮಾತ್ರ ಹಾಕುತ್ತಿರಲಿಲ್ಲ. ಓಟಕ್ಕೆ ಹೋಗಬಹುದೇ ಎಂದು ಡಾಕ್ಟರನ್ನು ಕೇಳಿದೆ. ಹೋಗು, ಜೋಮು ಶುರುವಾದಲ್ಲಿ ಇಳಿ, ಈ ಸಲ ಕೆಟ್ಟರೆ ನನ್ನ ಹತ್ತಿರ ಬರಬೇಡ ಎಂದರು.

ಉಳಿದ ಎರಡೂವರೆ ವಾರ ಸಣ್ಣ ಸೈಕಲ್ಲಿನಲ್ಲಿ ತುಳಿದೆ. ಎರಡೆರಡು ಕೈಗವಸು ಹಾಕಿಕೊಂಡು, ಹತ್ತು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸುತ್ತ. ಒಂದು ಸಲವೂ ಜೋಮು ಬರಲಿಲ್ಲ. ಆದರೆ ಆ ದಿನಗಳಲ್ಲಿ ನಾನು ಹೊಡೆದ ಅತಿ ದೂರ ಐವತ್ತು ಕಿಲೋಮೀಟರ್. ಓಟ ನೂರಿಪ್ಪತ್ತು. ಕಾಲು ಒಪ್ಪುತ್ತದೆ ಎಂದು ಗೊತ್ತಿತ್ತು. ಕೈಯ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಓಟದ ದಿನ ಭಟ್ಕಳದಿಂದ ಮಂಜಿನಲ್ಲಿ ಹೊರಟೆವು. ನನಗಿಂತ ದೊಡ್ಡ ವಯಸ್ಸಿನವರು ಇಬ್ಬರಿದ್ದರು. ಮೊದಲ ಏರಿನಲ್ಲೇ ಅವರನ್ನು ದಾಟಿದೆ, ಅದನ್ನು ಇಲ್ಲಿ ಹೇಳದೆ ಇರಲಾರೆ. ಮಂಕಿಯ ಬ್ಯಾಣದಲ್ಲಿ ಪ್ರತಿ ಕಲ್ಲೂ ನನ್ನ ಪರಿಚಯದ್ದು. ನಮ್ಮ ಅಂಗಳಕ್ಕೆ ಬಂದಾಗ ಹೊನ್ನೆ ಮರದ ಕೆಳಗೆ ನಾದಿನಿ ಬಾಳೆಹಣ್ಣು ಹಿಡಿದು ನಿಂತಿದ್ದಳು. ಬೆರಳು ಎಂತ ಹೇಳ್ತದೆ ಎಂದು ಕೇಳಿದಳು. ಸರಿ ಅದೆ ಎಂದೆ. ಸೇತುವೆ ದಾಟಿ ಕಾಡಿನ ದಾರಿ ಹಿಡಿದಾಗ ಹನ್ನೊಂದು ಗಂಟೆ. ನಾನು ಅಂದುಕೊಂಡಿದ್ದಕ್ಕಿಂತ ಮುಂದಿದ್ದೆ.

ಯಾಣದ ಏರಿನಲ್ಲಿ ಜಲ್ಲಿ ಎದ್ದಿತ್ತು. ಹಗುರ ಗೇರಿಗೆ ಹಾಕಿ ಕೂತೇ ತುಳಿಯುತ್ತ ಹೋದೆ. ಅರ್ಧ ಹತ್ತಿದಾಗ ಕಿರುಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು.

ಕೈ ಬದಲಿಸಿದೆ. ಹೋಗಲಿಲ್ಲ. ಎದುರಿನ ಹಲಸಿನ ಮರದವರೆಗೆ ನೋಡೋಣ ಎಂದುಕೊಂಡೆ. ಮರ ಬಂತು. ತಿರುವಿನವರೆಗೆ ಎಂದೆ. ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ, ಸ್ವಲ್ಪ ಜೋಮು ಎಲ್ಲರಿಗೂ ಬರುತ್ತದೆ, ಇಷ್ಟು ದೂರ ಬಂದು ಬಿಡುವುದುಂಟೇ, ಕೊನೆಯದೊಂದು ಏರು, ಅಷ್ಟೆ. ಹಾಗೆ ನನ್ನೊಳಗೆ ಮಾತಾಡುತ್ತಿದ್ದ ಧ್ವನಿ ನನಗೆ ಚೆನ್ನಾಗಿ ಗೊತ್ತಿರುವ ಧ್ವನಿ. ಅಡಿಯಲ್ಲಿ ಹಸಿ ಮೀನು ಇಟ್ಟುಕೊಂಡು, ಮೇಲಿನ ಪದರ ತೋರಿಸಿ, ಹೇರಿಕೊಂಡು ಹೋಗಿ ಅಕ್ಕಾ ಎನ್ನುವವರು ಹೀಗೇ ಮಾತಾಡುತ್ತಾರೆ.

ತಿರುವಿನಲ್ಲಿ ಇಳಿದೆ. ಉಳಿದ ಏರನ್ನು ಎಡಗೈಯಿಂದ ನೂಕುತ್ತ ನಡೆದೆ. ತುದಿ ಮುಟ್ಟಿದಾಗ ಬೆರಳು ಸ್ವಲ್ಪ ಸುಮ್ಮನಾಗಿತ್ತು, ಹೊತ್ತೂ ಇತ್ತು. ಮುಂದೆ ಇಳಿಜಾರು. ಏರಿನಲ್ಲಿ ಭಾರ ಕಾಲಿನ ಮೇಲೆ. ಕಲ್ಲಿನ ಇಳಿಜಾರಿನಲ್ಲಿ ಇಡೀ ಮೈ ಅಂಗೈಯ ಬುಡದ ಮೇಲೆ ಬೀಳುತ್ತದೆ, ಬ್ರೇಕು ಹಿಡಿದ ಬೆರಳು ನಡುಗುತ್ತಲೇ ಇರುತ್ತದೆ. ಅಂಥ ಇಳಿಜಾರು ಹದಿನೈದು ಕಿಲೋಮೀಟರ್. ಅಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದೆ. ಹಿಂದಿನಿಂದ ಬಂದವರು ಒಬ್ಬೊಬ್ಬರಾಗಿ ಧೂಳೆಬ್ಬಿಸಿ ಇಳಿದು ಹೋದರು, ಮೊದಲ ಏರಿನಲ್ಲಿ ನಾನು ದಾಟಿದ್ದ ಇಬ್ಬರು ಮುದುಕರೂ.

ಓಟ ಬಿಟ್ಟವರನ್ನು ಹತ್ತಿಸಿಕೊಳ್ಳುವ ಪಿಕಪ್ ಬಂತು. ಸೈಕಲ್ಲನ್ನು ಅವರು ಕಟ್ಟಿದ್ದು ಸರಿಯಾಗಲಿಲ್ಲ, ನಾನೇ ಬಿಚ್ಚಿ ಕಟ್ಟಿದೆ. ಹಿಂದೆ ಹಲಗೆಯ ಮೇಲೆ ಆಗಲೇ ಒಬ್ಬರು ಕೂತಿದ್ದರು, ಕುಮಟೆಯ ಬ್ಯಾಂಕಿನವರು, ಎರಡೂ ಕಾಲು ಸೆಟೆದು ಅಳುವ ಹಾಗಾಗಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮಗೆ ಎಂತ ಆಗಿದೆ? ಕಾಲು ಸರಿಯಾಗೇ ಉಂಟಲ್ಲ," ಅಂದರು.

"ಕಾಲು ಸರಿ ಅದೆ. ಕೈ ನಾಳೆ ಬೇಕು."

ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ. ಸೆಟೆದ ಮೀನಖಂಡಕ್ಕೆ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕಾಯಿಸಿಕೊಳ್ಳಿ, ಬೆಳಿಗ್ಗೆಗೆ ನಡೆಯುವ ಹಾಗಾಗುತ್ತದೆ ಎಂದೆ. ಪಿಕಪ್ ಕಲ್ಲಿನ ಮೇಲೆ ಎಗರಿ ಎಗರಿ ಇಳಿಯುತ್ತಿತ್ತು. ಬಲಗೈಯನ್ನು ಮಡಿಲಲ್ಲಿ ಇಟ್ಟು ಎಡಗೈಯಿಂದ ಸರಳು ಹಿಡಿದುಕೊಂಡೆ. ಕೆಳಗೆ ಕಾಲು ಸುಮ್ಮನಿರಲಿಲ್ಲ. ಕುಮಟೆ ಬರುವವರೆಗೂ ಹಿಮ್ಮಡಿ ಹಲಗೆಗೆ ಬಡಿಯುತ್ತಲೇ ಇತ್ತು. ನಿಲ್ಲಿಸಬಾರದೇ ಎಂದು ಬ್ಯಾಂಕಿನವರು ಎರಡು ಸಲ ಕೇಳಿದರು.